ಈ ಅಧ್ಯಾಯದಲ್ಲಿರುವ ಯಾವುದೂ

ದೂರು ಬಂದದ್ದು ಹಸಿರು ಶಾಯಿಯಲ್ಲಿ, ಸಹಿ ಇಲ್ಲದೆ:
ಎಲ್ಡ್ರಿಜ್ ಊರಿನ ಕ್ಷೌರದಂಗಡಿಯ ಲಿಯೋಟಾ ಬ್ರಾಂಡ್‌ವೋಲ್ಡ್
ಲೈಸೆನ್ಸಿಲ್ಲದೆ ಒಬ್ಬ ಗಂಡಸಿನ ಕೈಗೆ
ಗುಂಡಿ ಹಾಕುವುದನ್ನು ಕಲಿಸುತ್ತಿದ್ದಾಳೆ.
ದಿನಾ. ಸಂಜೆ ಐದೂವರೆಗೆ.
ಕಿಟಕಿಯ ಪರದೆ ಕೂಡ ಎಳೆಯದೆ.

ನಾನು ಹೆಲೆನಾದ ಮಂಡಳಿಯಲ್ಲಿ ಗುಮಾಸ್ತೆ.
ಹತ್ತೊಂಬತ್ತು ವರ್ಷ ಓದಿದ್ದು ಹೆಚ್ಚುಕಡಿಮೆ ಒಂದೇ ಪುಟ:
'ಈ ಅಧ್ಯಾಯದಲ್ಲಿರುವ ಯಾವುದೂ ತಡೆಯತಕ್ಕದ್ದಲ್ಲ'
ಯಾರನ್ನು? ಕೆಳಗಿದೆ ಪಟ್ಟಿ.
ಮೇಲೊಬ್ಬರ ಕಣ್ಣಿನಡಿ ಕಲಿಯುವ ವಿದ್ಯಾರ್ಥಿಯನ್ನು.
ಸೈನ್ಯದ ಆಸ್ಪತ್ರೆಯವರನ್ನು; ಅವರ ದೊರೆ ಬೇರೆ.
ನೆರೆರಾಜ್ಯದಿಂದ ಬಂದವರನ್ನು,
ವರ್ಷಕ್ಕೆ ನಲವತ್ತೈದು ದಿನ ಮೀರದಂತೆ.
ಆರನೆಯ ಸಾಲಿಗೆ ಆಮೇಲೆ ಬರುತ್ತೇನೆ.

ಆರಿನ್ ಟ್ವೆಟ್ ಮೂವತ್ತು ವರ್ಷ
ಗೂಡ್ಸ್ ಗಾಡಿಗೆ ಬ್ರೇಕು ಹಾಕಿದವನು.
ಮಾರ್ಚಿಯ ಒಂದು ಬೆಳಿಗ್ಗೆ ಕಾಫಿ ಮಗ್ಗು ನೆಲಕ್ಕೆ ಬಿತ್ತು.
ಎತ್ತಲು ಬಗ್ಗಿದ; ಅವನು ಬಗ್ಗಿದ, ಕೈ ಬರಲಿಲ್ಲ.
ಕೈಯೇ ಕೈಕೊಟ್ಟರೆ
ಯಾವ ಮಂಡಳಿಗೆ ದೂರು?

ಸುತ್ತ ತೊಂಬತ್ತು ಮೈಲಿ ಥೆರಪಿಸ್ಟ್ ಇಲ್ಲ.
ವಯೋಮಿಂಗಿನಿಂದ ಬಂದಳು ಡೆಲ್ಫೀನ್ ಸೌಟರ್,
ದಪ್ಪ ಹಿಡಿಯ ಚಮಚ, ತಂತಿಯ ಗುಂಡಿಕೊಕ್ಕೆ,
ಅಕ್ಕಿಯಲ್ಲಿ ಹೂತ ಒಣ ಬಟಾಣಿಯ ಡಬ್ಬಿ ಹೊತ್ತು.
ಹುಡುಕು, ಎನ್ನುತ್ತಿದ್ದಳು. ಕಣ್ಣು ಮುಚ್ಚಿ ಹುಡುಕು.
ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಿದ್ದಳು.
ನಲವತ್ತೈದನೆಯ ದಿನ
ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಿದವು,
ನಡುವೆ ಒಂದು ಬಟಾಣಿ.
ನಲವತ್ತಾರನೆಯ ದಿನ
ಅದೇ ಡೆಲ್ಫೀನ್, ಅದೇ ವಿದ್ಯೆ, ಅದೇ ಡಬ್ಬಿ,
ನನ್ನ ಪುಟದ ಪ್ರಕಾರ ಅಪರಾಧ.

ಡಬ್ಬಿ ಬಿಟ್ಟು ಹೋದಳು.

ನಗಬೇಡಿ. ನಾನು ನಗುವುದಿಲ್ಲ.
ಕೆಳಗಿನ ಬೀರುವಿನಲ್ಲಿ ಇನ್ನೊಂದು ಕಡತವಿದೆ:
ಬಿಳಿ ಕೋಟು ಹಾಕಿಕೊಂಡು, ಬೋರ್ಡು ಬರೆಸಿಕೊಂಡು
ಒಬ್ಬ ಹೆಂಗಸಿನ ಭುಜವನ್ನು ಕೀಲಿನಿಂದಲೇ ಕಿತ್ತವನದು.
ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ.
ಬೇಲಿ ಯಾಕೆ ಬೇಕೆಂದು ನನ್ನನ್ನು ಕೇಳಬೇಡಿ,
ಗೇಟು ಎಲ್ಲಿಡಬೇಕೆಂದು ಕೇಳಿ.

ಹಾಗಾಗಿ ಲಿಯೋಟಾಗೆ ನಿಯಮದಂತೆ ಬರೆದೆ:
ಹಣ ಪಡೆಯುತ್ತೀರಾ?
ಏನೆಂದು ಕರೆದುಕೊಳ್ಳುತ್ತೀರಿ?
ತರಬೇತಿ ಎಲ್ಲಿ?

ಉತ್ತರ ಹನ್ನೊಂದು ದಿನಕ್ಕೆ ಬಂತು.
'ಹಣವಿಲ್ಲ. ಒಮ್ಮೆ ಮೊಟ್ಟೆ ಕೊಟ್ಟ, ಎರಡು ಒಡೆದಿದ್ದವು,
ಅವನೇ ಹಿಡಿದು ತಂದದ್ದಕ್ಕೆ.
ನಾನು ನನ್ನನ್ನು ಏನೂ ಕರೆದುಕೊಳ್ಳುವುದಿಲ್ಲ.
ಅವನು ಏಯ್ ಅನ್ನುತ್ತಾನೆ, ಮಾತು ಇನ್ನೂ ಪೂರ್ತಿ ಬಂದಿಲ್ಲ.
ತರಬೇತಿ: ಡೆಲ್ಫೀನ್ ಮಾಡುವಾಗ
ಅವನ ತಲೆಗೂದಲು ಕತ್ತರಿಸುತ್ತ ನೋಡಿದ್ದು.
ಜನರ ಕುತ್ತಿಗೆಗೆ ಕತ್ತಿ ಹಿಡಿಯಲು ಲೈಸೆನ್ಸಿದೆ ನನಗೆ,
ಗುಂಡಿ ಹಿಡಿಸಲೂ ಬೇಕೆಂದು ಗೊತ್ತಿರಲಿಲ್ಲ.
ಭುಜದ ತಂಟೆಗೆ ಹೋಗಬೇಡ ಎಂದಿದ್ದಳು ಡೆಲ್ಫೀನ್. ಹೋಗಿಲ್ಲ.'

ಆರನೆಯ ಸಾಲು:
ನೆಂಟರನ್ನು, ಗೆಳೆಯರನ್ನು, ನೆರೆಯವರನ್ನು,
ಅವರು ಆ ಹೆಸರು ಇಟ್ಟುಕೊಳ್ಳದಿದ್ದರೆ.
ಹೆಸರಿಲ್ಲದಿದ್ದರೆ ಬಿಡುಗಡೆ.
ಕಾನೂನಿನಲ್ಲಿ ಏನೂ ಅಲ್ಲದವಳು
ದಿನಾ ಐದೂವರೆಗೆ ಕತ್ತರಿ ತೊಳೆದಿಟ್ಟು
ಬೀದಿ ದಾಟಿ ಹೋಗಬಹುದು.

'ವಿನಾಯಿತಿ, ಉಪಕಲಂ ಆರು.' ಮೊಹರು ಒತ್ತಿದೆ.
ಕಡತ ಮುಚ್ಚುವ ಮುಂಚೆ ಲಕೋಟೆಯ ಕಡೆ ನೋಡಿದೆ.
ಕಾಗದ ಲಿಯೋಟಾಳ ಕೈಬರಹ,
ವಿಳಾಸ ಅವಳದಲ್ಲ.
ಅಕ್ಷರಗಳು ಹಳಿ ತಪ್ಪಿದ ಡಬ್ಬಿಗಳಂತೆ ಒಂದಕ್ಕೊಂದು ಒರಗಿ,
ಏಳರ ಅಂಕಿ ಕನ್ನಡಿಯೊಳಗಿನಂತೆ ತಿರುಗಿ,
ಪೆನ್ನು ಎರಡು ಕಡೆ ಕಾಗದವನ್ನೇ ತೂತು ಮಾಡಿ,
ಆದರೂ ಸರಿಯಾಗಿ ನನ್ನ ಮೇಜಿಗೇ ಬಂದಿತ್ತು.

ಲಕೋಟೆಗಳನ್ನು ಇಟ್ಟುಕೊಳ್ಳುವ ನಿಯಮವಿಲ್ಲ.
ಪಿನ್ನು ಚುಚ್ಚಿ
ಎಲ್ಲಕ್ಕಿಂತ ಮೇಲೆ ಇಟ್ಟೆ.