ಶೇಕಡಾ ತೊಂಬತ್ತೊಂದು

ಹಾಳೆಯಲ್ಲಿ ಏಳು ಕಾಲಂ. ಅವಧಿ, ವೆಚ್ಚ, ಗುಣಮಟ್ಟ,
ಸುರಕ್ಷತೆ. ಆಮೇಲಿನ ಮೂರು ನನಗೂ ಅಷ್ಟಕ್ಕಷ್ಟೆ.
ಲುಸಾಕಾ ಬಿಟ್ಟ ಎರಡನೇ ಮಧ್ಯಾಹ್ನ
ಝಾಂಬೆಜಿಯ ಬಯಲಲ್ಲಿ ಸೇತುವೆ ಕಂಡಿತು,
ಬಿಳಿ ಮರಳ ಮೇಲೆ
ಮೀಯಲು ಬಂದವರಾರೋ ಮರೆತುಹೋದ
ಬಾಚಣಿಗೆಯ ಹಾಗೆ.

ಅಳೆದೆ. ಸುತ್ತಿಗೆಯಲ್ಲಿ ಬಡಿದು ಕಿವಿಗೊಟ್ಟೆ.
ಕಾಂಕ್ರೀಟು ಗಟ್ಟಿ ದನಿಯಲ್ಲಿ ಓಗೊಟ್ಟಿತು,
ಟೊಳ್ಳಿಲ್ಲ, ಬಿರುಕಿಲ್ಲ,
ಕಬ್ಬಿಣ ಎಲ್ಲೂ ಹೊರಗೆ ಇಣುಕಿಲ್ಲ.
ನಲವತ್ತೆರಡು ದಿನ ಮೊದಲೇ ಮುಗಿಸಿದ್ದಾರೆ,
ಉಳಿದ ದುಡ್ಡು ವಾಪಸ್ಸು ಕಟ್ಟಿದ್ದಾರೆ.
ಹದಿನಾರು ವರ್ಷದ ನೌಕರಿಯಲ್ಲಿ
ಇಂಥದ್ದು ಇದೇ ಮೊದಲು;
ಅನುಮಾನ ಬಂದು ರಸೀದಿಗಳನ್ನು ಎರಡು ಸಲ ಕೂಡಿದೆ.

ಕೆಳಗೆ ನೀರಿಲ್ಲ.

ನೆರಳಲ್ಲಿ ಕೂತು ಮೀನು ಸೀಳುತ್ತಿದ್ದ ನಮಾಕಾವು
ಚೂರಿಯ ತುದಿಯಲ್ಲಿ ಪಡುವಣಕ್ಕೆ ತೋರಿಸಿದಳು:
"ಹೊಳೆ ಅಲ್ಲಿದೆ. ಹೋದ ನೆರೆಯಲ್ಲಿ ಮಗ್ಗುಲು ಬದಲಿಸಿತು.
ನಮ್ಮಜ್ಜಿಯ ಕಾಲಕ್ಕೆ ಇನ್ನೂ ಈಚೆಗಿತ್ತಂತೆ.
ಮಲಗಿದವರು ಒಂದೇ ಮಗ್ಗುಲಲ್ಲಿ
ಎಷ್ಟು ಹೊತ್ತು ಅಂತ ಇರುತ್ತಾರೆ?"

ಕಟ್ಟುವ ಮುಂಚೆ ನಿಮ್ಮನ್ನು ಕೇಳಲಿಲ್ಲವೇ, ಅಂದೆ.
"ಕೇಳಿದರು. ಎಷ್ಟು ಜನ ದಾಟುತ್ತೀರಿ ಅಂತ.
ಎಲ್ಲಿ ಅಂತ ಕೇಳಲಿಲ್ಲ."

ಮೇಲೆ, ಕಂಬಿಯ ಉದ್ದಕ್ಕೂ ಬಲೆ ಒಣಗುತ್ತಿತ್ತು.
ಮೂರನೇ ಕಂಬಕ್ಕೆ ಸಿಟ್ವಾಲಾ ಮೇಷ್ಟ್ರು
ಕರಿ ಬಣ್ಣ ಬಳಿದು ಹಲಗೆ ಮಾಡಿಕೊಂಡಿದ್ದಾರೆ,
ಹದಿಮೂರರ ಮಗ್ಗಿ ಅರ್ಧ ಅಳಿಸಿದೆ.
ಒಂದು ಕರು ನನ್ನ ಟೇಪನ್ನು ನೆಕ್ಕಿ
ರುಚಿಸದೆ ಬಿಟ್ಟಿತು.

ಲೆಕ್ಕಕ್ಕುಂಟು, ಆಟಕ್ಕಿಲ್ಲ
ಎಂದು ಬರೆಯಲು ಹಾಳೆಯಲ್ಲಿ ಜಾಗವಿಲ್ಲ.
'ಬಳಕೆ' ಎಂಬಲ್ಲಿ ದಿನಕ್ಕೆ ದಾಟುವ ವಾಹನ ಎಷ್ಟೆಂದಿದೆ,
ನೆರಳು, ಬಲೆ, ಮಗ್ಗಿ ಬರುವುದಿಲ್ಲ ಅದರೊಳಗೆ.
ಸೊನ್ನೆ ಸುತ್ತಿದೆ.
ಆ ಕಾಲಂಗೆ ಇದ್ದದ್ದೇ ಒಂಬತ್ತು ಅಂಕ.
ಉಳಿದದ್ದಕ್ಕೆಲ್ಲ ಪೂರ್ತಿ ಕೊಡದೆ ವಿಧಿಯಿರಲಿಲ್ಲ,
ಕಟ್ಟಿದವರ ತಪ್ಪೇನು?
ಈ ವರ್ಷ ಇಡೀ ಪ್ರಾಂತ್ಯಕ್ಕೆ ಇದೇ ಮೊದಲ ಸ್ಥಾನ.

ಸಂಜೆ ನಮಾಕಾವುವಿನ ಮಗ ಮುಂಡಿಯಾ
ಮರ ಕೊರೆದ ದೋಣಿಯಲ್ಲಿ ಆಚೆ ದಡಕ್ಕೆ ಬಿಟ್ಟ.
ಹತ್ತು ಕ್ವಾಚಾ. ರಸೀದಿ ಕೇಳಿದ್ದಕ್ಕೆ ನಕ್ಕ.
ಅಭ್ಯಾಸಬಲ, ದೋಣಿಯ ಅಂಚನ್ನು
ಬೆರಳ ಗೆಣ್ಣಿನಿಂದ ಬಡಿದು ನೋಡಿದೆ.
ಟೊಳ್ಳು ದನಿ.
"ಹಾಗೇ ಇರಬೇಕು ಅದು," ಅಂದ ಹುಡುಗ
ತಿರುಗಿ ನೋಡದೆ,
ಹುಟ್ಟನ್ನು ಬಲದಿಂದ ಎಡಕ್ಕೆ ದಾಟಿಸುತ್ತ.