ಮೂವತ್ತಾರು ಪಾಯಿಂಟ್ ನಾಲ್ಕು

ಹತ್ತೂ ಇಪ್ಪತ್ತಕ್ಕೆ ಬಾಗಿಲು ಸರಿಯುತ್ತದೆ,
ಒಂದು ಗೇಣಷ್ಟೇ.
ಆ ಸಂದಿಯಲ್ಲಿ ಮೊದಲು ಕಾಣುವುದು ಬಿಳಿ ಶೂವಿನ ತುದಿ,
ಆಮೇಲೆ ದನಿ: ಹೊಟ್ಟೆ ನೋವು.

ಮುರೋಯಿ ಚಿಜುರು ತಲೆಯೆತ್ತುವುದಿಲ್ಲ.
ಇಪ್ಪತ್ತಾರು ವರ್ಷದಿಂದ ಶಾಲೆಯ ದಾದಿ ಆಕೆ,
ನೋಡಿದರೆ ಸಾಕು, ಕೆಲವು ಮಕ್ಕಳು ಹಿಂದಿರುಗಿಬಿಡುತ್ತವೆಂದು ಬಲ್ಲಳು.
ಬಾ, ಎನ್ನುತ್ತಾಳೆ ಹತ್ತಿಯುಂಡೆ ಸುತ್ತುತ್ತ,
ಹತ್ತಿಯುಂಡೆಗೇ ಎಂಬಂತೆ.

ಥರ್ಮಾಮೀಟರು ಕಂಕುಳಲ್ಲಿ.
ಹೊರಗೆ ಹಿಮಿ ಬಂದರಿನ ಡಿಸೆಂಬರು,
ಸೀಸದ ಬಣ್ಣದ ಕಡಲು,
ಮಗುಚಿಟ್ಟ ಮೀನಿನ ಪೆಟ್ಟಿಗೆಗಳ ಮೇಲೊಂದು ಕಾಗೆ.
ಪೀಪ್, ಪೀಪ್.
ಮೂವತ್ತಾರು ಪಾಯಿಂಟ್ ನಾಲ್ಕು.
ಮೊನ್ನೆ ಬಂದ ಅವಳಿಗಳದೂ ಇಷ್ಟೇ,
ಮಾತನ್ನೇ ಬಿಟ್ಟ ಆರನೆಯ ತರಗತಿಯ ಹುಡುಗನದೂ ಇಷ್ಟೇ.
ಜ್ವರವಾದರೂ ಬರಬಾರದೇ ಇವಕ್ಕೆ,
ಮನೆಗೆ ಫೋನು ಮಾಡಲು ಒಂದು ನೆಪವಾಗುತ್ತಿತ್ತು.

ಹುಡುಗಿಯ ಹೆಸರು ನಗಿ.
ಅವರ ನುಡಿಯಲ್ಲಿ ಗಾಳಿ ನಿಂತ ಕಡಲು ಎಂದರ್ಥ;
ನಮ್ಮಲ್ಲಾದರೆ ಏನೆಂದು
ಅವಳಿಗೆ ಹೇಳುವವರಿಲ್ಲ.

ದಪ್ಪ ರಿಜಿಸ್ಟರಿನಲ್ಲಿ ಐದು ಕಾಲಂ,
ಹೆಸರು, ತರಗತಿ, ಬಂದ ಹೊತ್ತು, ದೂರು, ಉಪಚಾರ.
ಹೊಟ್ಟೆ ನೋವು, ಹೊಟ್ಟೆ ನೋವು, ಹೊಟ್ಟೆ ನೋವು
ಪುಟದುದ್ದಕ್ಕೂ ಇರುವೆಸಾಲು.
ಹೊಟ್ಟೆಗೆ ಹಾಕಿಕೋ ಎಂದು ದೊಡ್ಡವರು ಹೇಳಿದ್ದನ್ನೆಲ್ಲ
ನಂಬಿ ಹಾಕಿಕೊಂಡಿವೆ ಈ ಕೂಸುಗಳು:
ಅಮ್ಮನ ರಾತ್ರಿ ಪಾಳಿ,
ಗುಂಪಿನ ಚಾಟಿನಿಂದ ತನ್ನನ್ನೊಬ್ಬಳನ್ನೇ ತೆಗೆದದ್ದು,
ಟ್ಯೂಷನ್ನಿನ ಗೋಡೆಯ ಮೇಲೆ ವಾರವಾರವೂ ಇಳಿಯುವ ನಂಬರು,
ಒಂಬತ್ತೂವರೆಯ ಬಸ್ಸಿನಲ್ಲಿ ತಣ್ಣಗೆ ತಿಂದ ಅನ್ನದುಂಡೆ.
ಅರಗುವುದಾದರೂ ಎಂತು?

ಒಂದು ದಿನ, ತಮಾಷೆಗೆಂಬಂತೆ,
ತೂಕದ ಯಂತ್ರದ ಮೇಲೆ ನಗಿಯನ್ನು ಬಿಟ್ಟು
ಅವಳ ಚೀಲವನ್ನು ನಿಲ್ಲಿಸಿದಳು ಚಿಜುರು.
ಆರು ಕಿಲೋ ಎಂಟುನೂರು.
ನಗಿ ಇಪ್ಪತ್ತೇಳು.
ಚೀಲದ ಬೆಳವಣಿಗೆ ಚೆನ್ನಾಗಿದೆ, ಎಂದಳು ಹುಡುಗಿ
ಥೇಟು ಡಾಕ್ಟರರ ದನಿಯಲ್ಲಿ.
ಅಂದು ನಕ್ಕದ್ದು ಚಿಜುರು ಒಬ್ಬಳೇ.

ಹೆಡ್‌ಮಾಸ್ಟರು ಒಳ್ಳೆಯವರೇ.
ಚಹಾ ಕೊಟ್ಟು, ಕೂರಿಸಿ, ಹೇಳಿದರು:
ಕಾರಣವಿಲ್ಲದೆ ಬರುವವರ ಲೆಕ್ಕ ಏರುತ್ತಿದೆಯಲ್ಲ,
ಕೇಳಿದಾಗೆಲ್ಲ ಹಾಸಿಗೆ ಕೊಟ್ಟರೆ ರೂಢಿಯಾಗಿಬಿಡುತ್ತದೆ.
ಇರಬಹುದು, ಎಂದುಕೊಂಡಳು ಮೆಟ್ಟಿಲಿಳಿಯುತ್ತ.
ಅವಳ ಸ್ವಂತ ಮಗಳು, ಶಾಲೆಗೆ ಹೋದ ಹನ್ನೆರಡು ವರ್ಷ,
ಒಂದು ದಿನವೂ ನೋವು ಅನ್ನಲಿಲ್ಲ.
ಅದನ್ನು ಆರೋಗ್ಯ ಎಂದು ತಿಳಿದಿದ್ದಳು.
ಕೋಣೆಗೆ ಬಂದು
ಎರಡನೆಯ ಹಾಸಿಗೆಗೂ ಒಗೆದ ಹೊದಿಕೆ ಹಾಸಿದಳು.

ಇವತ್ತು ಪರದೆ ಎಳೆಯುವಷ್ಟರಲ್ಲಿ ಗುಡುಗಿತು.
ಕಿಟಕಿಯ ಗಾಜು, ತಟ್ಟೆಯ ಕತ್ತರಿಗಳು,
ಬಿಸಿನೀರ ಚೀಲ ಹಿಡಿದ ಕೈ,
ಎಲ್ಲ ಒಮ್ಮೆ ಅದುರಿದವು.

ಇದು ಬುರಿ ಮೀನನ್ನು ಎಬ್ಬಿಸೋ ಗುಡುಗು ಅಂತಾನೆ ಅಜ್ಜ,
ಪರದೆಯ ಹಿಂದಿನಿಂದ ನಗಿ.
ಇದು ಬಂದಮೇಲೇ ಬಲೆಗೆ ಬೀಳೋದಂತೆ.
ಸ್ವಲ್ಪ ಹೊತ್ತು ಸುಮ್ಮನಿದ್ದು:
ಅವಕ್ಕೆ ಇನ್ನೂ ನಿದ್ದೆ ಬೇಕಿತ್ತೋ ಏನೋ.
ಯಾರೂ ಕೇಳಲ್ಲ.

ಚಿಜುರು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
ಮೂರನೆಯ ಪಿರಿಯಡ್ಡಿನ ಗಂಟೆ
ಮೇಲಿನ ಮಹಡಿಯಿಂದ ಇಳಿದುಬಂದು
ಬಾಗಿಲಲ್ಲಿ ನಿಂತಿತು.
ಪರದೆಯಾಚೆಗೆ ಉಸಿರು
ಆಗಲೇ ಉದ್ದವಾಗತೊಡಗಿತ್ತು,
ಅಲೆ ಮರಳನ್ನು ಬಿಟ್ಟು ಹಿಂದೆ ಸರಿಯುವ ಹಾಗೆ.

ಉಪಚಾರ ಎಂಬ ಕಾಲಂನಲ್ಲಿ ಬರೆದಳು:
ಇಬ್ಬರೂ ಗುಡುಗು ಕೇಳಿದೆವು.
ಎಬ್ಬಿಸಿಲ್ಲ.