ಜೇನುಗಳ್ಳಿ

ಮೊಸರಿನ ಡಬ್ಬಿಯಲ್ಲಿ ಮೂರೆಲೆ ಹೊತ್ತು
ಗೋಡೆ ದಾಟಿ ಬಂತು ಇದು.
ಕೊಟ್ಟವಳು ಲವ್‌ಡೇ ಪ್ಯಾಸ್ಕೋ, ಎಪ್ಪತ್ತೊಂಬತ್ತರ ಮುದುಕಿ,
ಫಾಲ್ಮತ್‌ನ ಈ ಇಳಿಜಾರು ಬೀದಿಯಲ್ಲಿ
ಸಮುದ್ರಕ್ಕೆ ನನಗಿಂತ ಒಂದು ಮನೆ ಹತ್ತಿರ.
‘ಬಿಸಿಲಿಗೆ ಮುಖ, ಗಾಳಿಗೆ ಬೆನ್ನು.
ಗೊಬ್ಬರ ಬೇಡ. ಮುದ್ದು ಬೇಡ.’

ನೆಡುವಾಗ ಒಂದೆಲೆ ಮುರಿಯಿತು. ಹಾಲು.
ಅಯ್ಯೋ ಶಿವನೇ, ಇದು ಕಳ್ಳಿ!
ಚಳ್ಳಕೆರೆ ದಾರಿಯ ಬೇಲಿಗಳಲ್ಲಿ
ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ಸುಳ್ಳಾಗಿಸಿ
ನಮ್ಮ ಆಡು ಮೂಸಿ, ಸೀನಿ, ತಿರುಗಿ ಹೋಗುತ್ತಿದ್ದ
ಅದೇ ಕುಲ. ಮುಡಿಗೇರದ ಕುಲ.
ಇದನ್ನು ಯಾರಾದರೂ ಬೇಕೆಂದು ಬೆಳೆಸುತ್ತಾರೆಯೇ?

ಎರಡು ವರ್ಷ ಬರೀ ಹಸಿರು.
ಪ್ರತಿ ಎಲೆಗೂ ನೆಟ್ಟಗೆ ತೆಗೆದ ಬಿಳಿ ಬೈತಲೆ.
ನನ್ನೆತ್ತರಕ್ಕೆ ಬಂತು.
ಮೂರನೆಯ ಚಳಿಗೆ ಮೂಡಣದಿಂದ ಹಿಮ ಬಿದ್ದು
ತುದಿಗಳೆಲ್ಲ ಸುಟ್ಟ ಬತ್ತಿ.

‘ಏಪ್ರಿಲ್ ತನಕ ಕೈ ಕಟ್ಟಿಕೋ’ ಅಂದಳು ಲವ್‌ಡೇ.
ಕಟ್ಟಿಕೊಳ್ಳಲಿಲ್ಲ. ಗವಸೂ ಹಾಕಲಿಲ್ಲ.
ಮೂವತ್ತು ವರ್ಷ ಪರರ ಕಣ್ಣು ತೊಳೆದ ದಾದಿ ನಾನು,
ಹೆಸರು ಹಾಲಮ್ಮ,
ಹಾಲು ಮೆತ್ತಿದ ಕೈಯಲ್ಲೇ ಕಣ್ಣುಜ್ಜಿಕೊಂಡೆ.

ಕೆಂಡ.

ಕೂಗಿಗೆ ಗೋಡೆ ಸುತ್ತಿ ಓಡಿ ಬಂದಳು,
ಮಂಡಿ ನೋವಿನವಳು!
ನಲ್ಲಿಯ ಕೆಳಗೆ ನನ್ನ ತಲೆ ತುರುಕಿ,
ಎಣ್ಣೆನೀರು ಹಾಕುವ ಅವ್ವನಷ್ಟೇ ಒರಟಾಗಿ
ಇಪ್ಪತ್ತು ನಿಮಿಷ ಬಿಗಿಹಿಡಿದಳು,
ಬಯ್ಯುತ್ತ, ನಿಮಿಷ ಎಣಿಸುತ್ತ.

ಬುಡದಿಂದ ಮತ್ತೆ ಚಿಗುರಿತು. ನಾನು ಮುಟ್ಟಲಿಲ್ಲ.
ಅದರ ಮರುವರ್ಷ, ಮೇ ತಿಂಗಳಲ್ಲಿ, ಹೂವು.
ಹೂವೆಂದರೆ ನಂಬುವುದು ಕಷ್ಟ:
ಹಳೇ ಕೋಟಿನಿಂದ ಕಿತ್ತು ಕೂಡಿಟ್ಟ
ಕಂದು ಗುಂಡಿಗಳ ಗೊಂಚಲು.
ವಾಸನೆ ಮಾತ್ರ
ಅಡುಗೆಮನೆ ಹೊಕ್ಕು, ಬಸ್ ಸ್ಟಾಪಿಗೆ ಹೋಗಿ
ಯಾರನ್ನೋ ತಿರುಗಿ ನೋಡುವಂತೆ ಮಾಡಿ ಬರುತ್ತಿತ್ತು.

‘ಹೇಗಿದೆ ಇವತ್ತು?’ ಗೋಡೆಯಾಚೆಯಿಂದ ಲವ್‌ಡೇ.
ಆರು ವರ್ಷದ ಹಿಂದೆ ಒಂದು ಜ್ವರ
ಅವಳ ಮೂಗಿನಿಂದ ಎಲ್ಲವನ್ನೂ ಒಯ್ದಿತ್ತು.
ಆ ದಿನವೇ ನನಗದು ತಿಳಿದದ್ದು.
‘ಜೇನು’ ಅಂದೆ.
‘ಅದು ಗೊತ್ತು. ಎಲ್ಲರೂ ಅದನ್ನೇ ಅಂತಾರೆ. ನಿನ್ನದು ಹೇಳು.’

ಇಂಗ್ಲಿಷಿನಲ್ಲಿ ಸಿಗಲಿಲ್ಲ.
ಹೂರಣ ಅಂದೆ. ಬೆಲ್ಲ ಬಾಣಲೆಗೆ ತಳ ಹಿಡಿಯುವ
ಅರೆಗಳಿಗೆ ಮೊದಲು, ಅಂದೆ.
ಮಳೆ ನಿಂತ ಮೇಲೆ ಬಿಸಿಲಿಗೆ ಹರವಿದ ಕಂಬಳಿ,
ಅದರ ಮೇಲೆ ಯಾರೋ ಚೆಲ್ಲಿದ ಜೋನಿಬೆಲ್ಲ.
ಕನ್ನಡದಲ್ಲೇ ಅಂದೆ, ಒಂದೊಂದೂ.
ಕಣ್ಣು ಮುಚ್ಚಿ ಕೇಳಿದಳು,
‘ಕಂಬಳಿ’ ಎಂಬಲ್ಲಿ ತಲೆಯಾಡಿಸಿದಳು. ಯಾಕೋ.

ನಮ್ಮ ಮಾತಿನಲ್ಲಿ ಇದರ ಹೆಸರಿಗೆ
ಕದಿಯುವವಳು ಎಂದೂ ಅರ್ಥ ಅಂದೆ.
‘ಹಾಗಾದರೆ ನನ್ನ ಮೂಗು ಇವಳ ಹತ್ತಿರವೇ ಇದೆ’
ಎಂದು ಕೆಮ್ಮು ಬರುವಷ್ಟು ನಕ್ಕಳು.

ಜುಲೈ ಮಧ್ಯಾಹ್ನ ಕಾಯಿ ಸಿಡಿಯುತ್ತವೆ, ಚಟ್, ಚಟ್.
ಅವಳ ಮೋರಿಯ ಬಿರುಕಿನಲ್ಲಿ ಈಗಾಗಲೇ ಒಂದು ಸಸಿ,
ಕೇಳದೆ ಹೋದದ್ದು.

ಮತ್ತೊಂದು ಮೇ. ನಾಳೆ ಮಳೆಯಂತೆ.
ನೆನೆದಾಗ ಇದು ಹೇಗೆ ಘಮ್ಮೆನ್ನುತ್ತದೋ,
ಬೆಳಗಾದರೆ ಕೇಳುತ್ತಾಳೆ.